ಇನ್ನು ನನ್ನಿಂದ ಆಗಲ್ಲ ಅನ್ನೋ ಹಂತ ಬರೋ ಮೊದಲೇ ಗುರುತು ಹಿಡಿಯೋದು ಹೇಗೆ: ಕೊಡಗಿನವರಿಗೊಂದು ಸಮಗ್ರ ಮಾರ್ಗದರ್ಶಿ

ಮನಸ್ಸು ಕೈ ಕೊಡೋದಕ್ಕೆ ಲಕ್ಷಣ ಏನು ಅಂತ ಕೇಳಿ ನೋಡಿ, ಅಳೋದು, ಕೂಗಾಡೋದು, ರೂಮಿನ ಬಾಗಿಲು ಹಾಕ್ಕೊಂಡು ಕೂರೋದು ಅಂತಾರೆ. ಅವೆಲ್ಲ ಕೊನೆಗೆ ಬರೋವು. ಅದಕ್ಕೆ ಎಷ್ಟೋ ವಾರ ಮೊದಲೇ ಮೈ, ನಿದ್ದೆ, ಸಿಟ್ಟು, ಕೆಲಸ ಒಂದೊಂದಾಗಿ ಸುಳಿವು ಕೊಟ್ಟಿರ್ತವೆ, ನಾವು ಅದಕ್ಕೆ ಕೊಯ್ಲಿನ ಸುಸ್ತು, ಮಳೆಗಾಲದ ಬೇಸರ, ಗ್ಯಾಸ್, ವಯಸ್ಸು ಅಂತ ಹೆಸರಿಟ್ಟು ಬಿಟ್ಟುಬಿಟ್ಟಿರ್ತೀವಿ.

ಗುರುತು ಹಿಡಿಯೋಕೆ ಪ್ರಯತ್ನ ಪಡೋರು ಕೂಡ ಹೆಚ್ಚುಕಮ್ಮಿ ಒಂದೇ ಕಡೆ ಎಡವ್ತಾರೆ. ತೀರಾ ಕೆಟ್ಟ ದಿನ ಕೂತು ಲೆಕ್ಕ ಹಾಕ್ತಾರೆ, ಅಥವಾ ಪುತ್ತರಿ ಹಬ್ಬದ ಮಾರನೇ ದಿನ, ಎಲ್ಲ ಚೆನ್ನಾಗಿರೋವಾಗ. ತಮ್ಮನ್ನ ತಾವೇ "ಹೇಗಿದ್ದೀನಿ" ಅಂತ ಕೇಳ್ಕೊಂಡು "ಪರವಾಗಿಲ್ಲ" ಅಂತ ತಾವೇ ಉತ್ತರ ಹೇಳ್ಕೊಳ್ತಾರೆ. ಹಾಗಾಗಿ ಕೆಳಗಿನ ಹಂತಗಳನ್ನ ಇದೇ ಕ್ರಮದಲ್ಲಿ ಮಾಡಿ, 1 ಬಿಟ್ಟು 3ಕ್ಕೆ ಹಾರಬೇಡಿ. ಒಂದೇ ಒಂದು ಅಪವಾದ: ಸಾಯೋ ಯೋಚನೆ ಈಗಾಗಲೇ ಬರ್ತಾ ಇದ್ರೆ ಮಿಕ್ಕಿದ್ದೆಲ್ಲ ಬಿಟ್ಟು ನೇರ 7ನೇ ಹಂತಕ್ಕೆ ಹೋಗಿ, ಅಥವಾ ಈಗಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿ.

ಮೊದಲು ಇವಿಷ್ಟು ಹೊಂದಿಸಿಕೊಳ್ಳಿ

ಒಂದು ನೋಟ್‌ಬುಕ್ ಮತ್ತು ಪೆನ್ನು. ತೋಟ ಇರೋರ ಮನೇಲಿ ಬೆಳಗ್ಗೆ ಎದ್ದು ಮಳೆ ಎಷ್ಟು ಇಂಚು ಬಂತು ಅಂತ ಬರೆದಿಡೋ ಪುಸ್ತಕ ಇದ್ದೇ ಇರ್ತದಲ್ಲ, ಅದೇ ಸಾಕು, ಇಂಚಿನ ಪಕ್ಕದಲ್ಲೇ ಇನ್ನೊಂದು ಸಾಲು ಬರೆದ್ರಾಯ್ತು. ತೋಟ ಇಲ್ಲದೋರಿಗೆ ಗೋಡೆ ಕ್ಯಾಲೆಂಡರ್ ಆಗ್ತದೆ. ಮೊಬೈಲ್ ಆ್ಯಪ್ ಬೇಡ ಅಂತ ನಾನು ಹೇಳೋದು, ಯಾಕಂದ್ರೆ ಜುಲೈಯಲ್ಲಿ ಮೂರು ದಿನ ಕರೆಂಟ್ ಹೋದ್ರೆ ಆ್ಯಪೂ ಹೋಗ್ತದೆ, ಸರಿಯಾಗಿ ಬರೆಯಬೇಕಾದ ದಿನಗಳೇ ತಪ್ಪಿ ಹೋಗ್ತವೆ.

ಆಮೇಲೆ ಒಬ್ಬ ಮನುಷ್ಯ. ಗಂಡ, ಹೆಂಡತಿ, ಅಕ್ಕ, ಭಾವ, ಪಕ್ಕದ ತೋಟದ ಸ್ನೇಹಿತ, ಯಾರಾದ್ರೂ ಸರಿ, ಆದ್ರೆ ನಿಮ್ಮನ್ನ ವಾರದಲ್ಲಿ ಮೂರ್ನಾಲ್ಕು ಸಲ ಕಣ್ಣಾರೆ ನೋಡೋರಾಗಿರಬೇಕು. ಬೆಂಗಳೂರಲ್ಲಿರೋ ಮಗ ಫೋನಲ್ಲಿ ಸ್ವರ ಕೇಳ್ತಾನೆ, ನೀವು ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದಿದ್ದು ಅವನಿಗೆ ಕಾಣಲ್ಲ.

ಕೊನೆಗೆ ಒಂದು ಚೀಟಿ. ಅದರಲ್ಲಿ ಆ ಮನುಷ್ಯನ ನಂಬರ್, ಟೆಲಿ ಮಾನಸ್ 14416, ತುರ್ತಿಗೆ 112. ಮೊಬೈಲಲ್ಲಿ ಸೇವ್ ಇದ್ರೂ ಚೀಟಿ ಬರೆದು ಫ್ರಿಜ್ ಮೇಲೋ ಕ್ಯಾಲೆಂಡರ್ ಹಿಂದೆಯೋ ಅಂಟಿಸಿ, ಅಂಥ ಹೊತ್ತಲ್ಲಿ ಹುಡುಕೋಕೆ ತಲೆ ಓಡಲ್ಲ.

ಹಂತ 1: ನಿಮ್ಮ ಮಾಮೂಲಿ ದಿನ ಹೇಗಿರ್ತದೆ ಅಂತ ಬರೆದಿಡಿ

ಎಲ್ಲರೂ ಬಿಟ್ಟುಬಿಡೋ ಹಂತ ಇದೇ. ಎಚ್ಚರಿಕೆಯ ಲಕ್ಷಣ ಅಂದ್ರೆ ಬದಲಾವಣೆ, ಯಾವುದರಿಂದ ಬದಲಾಯ್ತು ಅಂತ ಗೊತ್ತಿಲ್ಲದಿದ್ರೆ ಏನೂ ಕಾಣಲ್ಲ. ಮೊದಲಿಂದಲೂ ಮಾತು ಕಮ್ಮಿ ಇರೋರು ಸುಮ್ಮನೆ ಕೂತ್ರೆ ಅದು ಲಕ್ಷಣ ಅಲ್ಲ. ಸಂತೆಗೆ ಹೋದ್ರೆ ಹತ್ತು ಜನರ ಹತ್ರ ಹರಟೆ ಹೊಡೆದು ಬರೋರು ಗೋಣಿಕೊಪ್ಪಲಲ್ಲಿ ಸಾಮಾನು ತಗೊಂಡು ತಲೆ ಬಗ್ಗಿಸಿ ಬಸ್ ಹತ್ತಿದ್ರೆ ಅದು ಲಕ್ಷಣ.

ಐದು ವಿಷಯ ಬರೆದ್ರೆ ಸಾಕು: ಎಷ್ಟು ಹೊತ್ತಿಗೆ ಮಲಗಿ ಎಷ್ಟು ಹೊತ್ತಿಗೆ ಏಳ್ತೀರಿ, ಎಷ್ಟು ಊಟ ಮಾಡ್ತೀರಿ, ಸಿಟ್ಟು ಯಾವುದಕ್ಕೆ ಬರ್ತದೆ ಎಷ್ಟು ಹೊತ್ತಲ್ಲಿ ಇಳೀತದೆ, ಯಾರ್ಯಾರ ಹತ್ರ ಮಾತಾಡ್ತೀರಿ, ಯಾವ ಕೆಲಸ ಯಾರೂ ಹೇಳದೆ ಮಾಡ್ತೀರಿ. ಕುಡಿಯೋ ಅಭ್ಯಾಸ ಇದ್ರೆ ಎಷ್ಟು, ಯಾವಾಗ ಅಂತ ಅದನ್ನೂ ಸೇರಿಸಿ, ಸುಳ್ಳು ಬರೆಯಬೇಡಿ, ಯಾರೂ ಓದಲ್ಲ. ಈಗಾಗಲೇ ಕಷ್ಟದಲ್ಲಿರೋರಿಗೆ ಮಾಮೂಲಿ ದಿನವೇ ನೆನಪಿರಲ್ಲ, ಆಗ ಹೋದ ವರ್ಷ ಇದೇ ತಿಂಗಳಲ್ಲಿ ಹೇಗಿದ್ದೆ ಅಂತ ಮನೆಯವರನ್ನೇ ಕೇಳಿ ಬರೀರಿ.

ಹಂತ 2: ಎರಡು ವಾರ ದಿನಕ್ಕೊಂದು ಸಾಲು

ಬೆಳಗ್ಗೆ ಕಾಫಿ ಕುಡಿಯುವಾಗ ಬರೀರಿ, ರಾತ್ರಿ ಬೇಡ. ರಾತ್ರಿ ಬರೆದ್ರೆ ಆ ದಿನದ ಸುಸ್ತೆಲ್ಲ ಅಕ್ಷರಕ್ಕೆ ಇಳೀತದೆ. ನಿದ್ದೆ ಎಷ್ಟು ಗಂಟೆ, ಮಧ್ಯ ಎಚ್ಚರ ಆಯ್ತಾ, ನಿನ್ನೆ ಯಾರ ಮೇಲಾದ್ರೂ ಹರಿಹಾಯ್ದೆನಾ, ನಿನ್ನೆ ಯಾವುದಾದ್ರೂ ಒಂದು ಹೊತ್ತು ಹಾಯ್ ಅನಿಸ್ತಾ. ಇಷ್ಟೇ.

ಎರಡೇ ವಾರ ಯಾಕೆ ಅಂದ್ರೆ, ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರೋದು ಹೆಚ್ಚುಕಮ್ಮಿ ದಿನಾ ಎರಡು ವಾರ ನಿಂತ್ರೆ ವೈದ್ಯರು ಅದನ್ನ ಖಿನ್ನತೆ ಇರಬಹುದು ಅಂತ ಪರೀಕ್ಷೆ ಮಾಡ್ತಾರೆ. ಒಂದು ದಿನದ್ದು ಲೆಕ್ಕಕ್ಕಿಲ್ಲ. ಹಾಗಂತ ಜಾಸ್ತಿ ಕೆಡ್ತಾ ಇರೋದು ಕಣ್ಣಿಗೆ ಕಾಣೋವಾಗ ಎರಡು ವಾರ ತುಂಬಲಿ ಅಂತ ಕಾಯಬಾರದು, ಅದು ದೊಡ್ಡ ತಪ್ಪು.

ಹಂತ 3: ಲಕ್ಷಣಗಳನ್ನ ಈ ಸಾಲಲ್ಲಿ ಹುಡುಕಿ

ಎಲ್ಲರಿಗೂ ಇದೇ ಸಾಲಲ್ಲಿ ಬರ್ತದೆ ಅಂತಿಲ್ಲ, ಆದ್ರೆ ಹುಡುಕೋಕೆ ಈ ಕ್ರಮ ಸುಲಭ.

*ಮೈ.* ಬೆನ್ನು, ಕುತ್ತಿಗೆ ಹಿಡಿಯೋದು, ತಲೆಭಾರ, ಹೊಟ್ಟೆ ಉರಿ, ಎದೆ ಡವಡವ, ಕೈಕಾಲು ಸೆಳೆತ. ನಮ್ಮ ಕಡೆ ಮನಸ್ಸಿಗೆ ಬೇಜಾರು ಅಂತ ಬಾಯಿಬಿಟ್ಟು ಹೇಳೋರು ಕಮ್ಮಿ, ಮೈ ನೋವು ಅಂತ ಹೇಳೋರು ಜಾಸ್ತಿ, ತೋಟದ ಕೆಲಸದವರು ಇರೋ ಲೈನ್ ಮನೆಗಳಲ್ಲಂತೂ ಇನ್ನೂ ಹೆಚ್ಚು, ಅಲ್ಲಿ ರಜೆ ಹಾಕಿದ್ರೆ ಕೂಲಿ ಹೋಯ್ತು ಅಂತ ಮಾತ್ರೆ ನುಂಗಿ ಕೆಲಸಕ್ಕೆ ಬರ್ತಾರೆ. ಒಬ್ಬರು ವಾರ ವಾರ ತಲೆನೋವಿನ ಮಾತ್ರೆ ಕೇಳ್ತಾ ಇದ್ರೆ ಮೇಸ್ತ್ರಿಯೋ ತೋಟದ ಲೆಕ್ಕ ಬರೆಯೋ ರೈಟರೋ ಒಂದು ನಿಮಿಷ ನಿಂತು, ಮನೇಲಿ ಹೇಗಿದೆ, ನಿದ್ದೆ ಬರ್ತದಾ ಅಂತ ಕೇಳಬೇಕು.

*ನಿದ್ದೆ.* ತಡವಾಗಿ ನಿದ್ದೆ ಬರೋದಕ್ಕಿಂತ ನಸುಕಿಗೆ ಮೂರು ನಾಲ್ಕು ಗಂಟೆಗೆ ಎಚ್ಚರ ಆಗಿ, ಮತ್ತೆ ಕಣ್ಣು ಮುಚ್ಚದೆ, ಸಾಲದ ಕಂತು, ಮಗಳ ಫೀಸು, ಮೆಣಸಿನ ಬಳ್ಳಿ ಸೊರಗಿದ್ದು ಎಲ್ಲ ಒಟ್ಟಿಗೆ ತಲೆಗೆ ಬರೋದನ್ನ ಜಾಸ್ತಿ ಗಮನಿಸಿ. ಒಂದು ಪರೀಕ್ಷೆ: ಸಂಜೆ ನಾಲ್ಕರ ಮೇಲೆ ಕಾಫಿ ಬಿಟ್ಟು ಒಂದು ವಾರ ನೋಡಿ. ಕಾಫಿ ಬೆಳೆಯೋರಿಗೆ ಈ ಮಾತು ಹೇಳೋದು ಸ್ವಲ್ಪ ಧೈರ್ಯದ ಕೆಲಸವೇ, ಆದ್ರೆ ಕುಡಿದ ಐದಾರು ಗಂಟೆ ಆದ್ಮೇಲೂ ಅದರ ಅರ್ಧ ಕೆಫೀನ್ ಮೈಯಲ್ಲೇ ಇರ್ತದೆ, ಬೆಲ್ಲದ ಕರಿಕಾಫಿ ಆದ್ರೂ ಅಷ್ಟೇ. ಕಾಫಿ ಬಿಟ್ಟ ಮೇಲೂ ನಸುಕಿನ ಎಚ್ಚರ ನಿಲ್ಲದಿದ್ರೆ ಪುಸ್ತಕದಲ್ಲಿ ಗುರುತು ಹಾಕಿ.

2018ರ ಆಗಸ್ಟಿನ ಭೂಕುಸಿತ ಕಂಡೋರಿಗೆ ಇನ್ನೊಂದು ಮಾತು. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆಯವರು, 2019ರಲ್ಲಿ ತೋರ ಕಡೆಯವರು, ಜೋರು ಮಳೆ ಶುರುವಾದ್ರೆ ರಾತ್ರಿ ಎದ್ದು ಕೂರೋದು ಆಶ್ಚರ್ಯ ಅಲ್ಲ. ದಾಖಲೆ ಪತ್ರ, ಟಾರ್ಚ್, ಬಟ್ಟೆ ಒಂದು ಬ್ಯಾಗಲ್ಲಿ ತುಂಬಿಟ್ಟಿರೋದು ಬುದ್ಧಿವಂತಿಕೆ. ಆದ್ರೆ ಬ್ಯಾಗ್ ರೆಡಿ ಇದ್ದು, ಆ ಜಾಗದಿಂದ ದೂರ ಬೇರೆ ಮನೇಲಿದ್ದು, ಅಲ್ಲಿ ಅಪಾಯ ಇಲ್ಲ ಅಂತ ಗೊತ್ತಿದ್ದೂ, ಶೀಟಿನ ಮೇಲೆ ಹನಿ ಬಿದ್ದ ಸದ್ದಿಗೆ ಎದೆ ಹೊಡ್ಕೊಂಡು ಬೆವರು ಬಂದ್ರೆ, ಅದೇ ದೃಶ್ಯ ಕಣ್ಣಿಗೆ ಕಟ್ಟಿದ ಹಾಗೆ ಮತ್ತೆ ಮತ್ತೆ ಬಂದ್ರೆ, ಅದಕ್ಕೆ ಚಿಕಿತ್ಸೆ ಉಂಟು. ಎಷ್ಟು ವರ್ಷ ಆಗಿದ್ರೂ ಉಂಟು. ಇನ್ನೂ ಅದೇ ನೆನಪಾ ಅಂತ ಯಾರಾದ್ರೂ ಹಂಗಿಸಿದ್ರೆ ಕಿವಿಗೆ ಹಾಕ್ಕೋಬೇಡಿ.

*ಸಿಟ್ಟು.* ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಜಾಸ್ತಿ ತಪ್ಪಿ ಹೋಗೋ ಲಕ್ಷಣ ಇದು, ಅದರಲ್ಲೂ ಗಂಡಸರಲ್ಲಿ. ದುಃಖ ಅಂತ ಕಾಣಲ್ಲ, ಜಗಳ ಅಂತ ಕಾಣ್ತದೆ. ಗೇಟ್ ಹಾಕೋಕೆ ಮರೆತ ಹುಡುಗನ ಮೇಲೆ, ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ಹೆಂಡತಿ ಮೇಲೆ, ಸುಮ್ಮನೆ ಬೊಗಳಿದ ನಾಯಿ ಮೇಲೆ. ಸಿಟ್ಟು ಬರೋದು ಎಲ್ಲರಿಗೂ ಇದ್ದಿದ್ದೇ, ನೋಡಬೇಕಾದ್ದು ಎರಡು: ಕಾರಣಕ್ಕೂ ಸಿಟ್ಟಿಗೂ ತಾಳೆ ಆಗ್ತದಾ, ಮತ್ತೆ ಮೊದಲು ಹತ್ತು ನಿಮಿಷಕ್ಕೆ ಇಳೀತಿದ್ದದ್ದು ಈಗ ದಿನಪೂರ್ತಿ ಕುದೀತಾ ಇದೆಯಾ. ಹೋಂಸ್ಟೇ ನಡೆಸೋರು ಇಲ್ಲಿ ಹುಷಾರು, ವೀಕೆಂಡ್ ಪೂರ್ತಿ ಗೆಸ್ಟ್‌ಗಳ ಮುಂದೆ ನಗುನಗ್ತಾ ಇದ್ದು ಸೋಮವಾರ ಮನೆಯವರ ಮೇಲೆ ಎಲ್ಲ ಸುರಿದ್ರೆ, ಅವರ ನಗು ನೋಡಿದ ಹೊರಗಿನವರಿಗೆ ಏನೂ ಗೊತ್ತಾಗಲ್ಲ.

*ಕೆಲಸ.* ಮರೆವು, ಸಣ್ಣಪುಟ್ಟ ತಪ್ಪು, ಶುರು ಮಾಡಿದ್ದು ಮುಗಿಸದಿರೋದು. ಹಾಜರಿ ಪುಸ್ತಕದ ಲೆಕ್ಕ ಮೂರು ಸಲ ಕೂಡಿಸಿದ್ರೂ ತಾಳೆ ಆಗಲ್ಲ, ಬ್ಯಾಂಕಿನ ಕಾಗದ ಒಡೆಯದೇ ಡ್ರಾಯರಿಗೆ ಹೋಗ್ತದೆ, ಕಣದಲ್ಲಿ ಕಾಫಿ ಒಣಗ್ತಾ ಇರೋವಾಗ ಮೋಡ ಕವಿದ್ರೂ ಟಾರ್ಪಾಲ್ ಎಳೆಯೋಣ ಅಂತ ಅನಿಸಲ್ಲ. ಈ ಕೊನೇದು ಸೋಮಾರಿತನದ ಹಾಗೆ ಕಾಣ್ತದೆ, ಅಲ್ಲ. ಹೋದ್ರೆ ಹೋಗ್ಲಿ ಅನ್ನೋ ಭಾವನೆ ಬಂದಿದೆ ಅಂತ ಅರ್ಥ. ಕೆಲಸದ ಒತ್ತಡದಿಂದ ಬರೋ ಬರ್ನ್‌ಔಟನ್ನ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವಿವರಿಸಿದ್ದೂ ಮೂರು ಗುರುತಿನಿಂದ: ಶಕ್ತಿ ಬತ್ತಿ ಹೋಗೋದು, ಕೆಲಸದ ಮೇಲೆ ಜಿಗುಪ್ಸೆ ಬಂದು ಮನಸ್ಸು ದೂರ ಆಗೋದು, ನನ್ನ ಕೈಲಿ ಏನೂ ಸಾಧ್ಯ ಇಲ್ಲ ಅನ್ನಿಸೋದು.

*ಜನರಿಂದ ದೂರ.* ಮದುವೆಗೆ ಹೋಗದಿರೋಕೆ ನೆಪ, ಫೋನ್ ರಿಂಗಾದ್ರೆ ಮಗುಚಿಡೋದು, ಕೈಲ್‌ಪೊಳ್ದ್ ಹಬ್ಬಕ್ಕೆ ಐನ್‌ಮನೆಗೆ, ಅಂದ್ರೆ ಮನೆತನದ ಮೂಲ ಮನೆಗೆ, ಎಲ್ಲರೂ ಸೇರಿದ್ರೂ ಒಬ್ಬರೇ ಹಿತ್ತಲಲ್ಲಿ ನಿಂತಿರೋದು. ಇದರ ಜೊತೆ ಏನೂ ಅನಿಸದಿರೋದು ಬಂತಾ ನೋಡಿ. ಅಳೂ ಇಲ್ಲ, ನಗೂ ಇಲ್ಲ, ಮಗು ಓಡಿ ಬಂದು ತಬ್ಬಿಕೊಂಡ್ರೂ ಒಳಗೆ ಏನೂ ಅಲುಗಲ್ಲ. ಅಳ್ತಾ ಇರೋರಿಗಿಂತ ಇವರ ಬಗ್ಗೆ ನನಗೆ ಜಾಸ್ತಿ ಭಯ, ಯಾಕಂದ್ರೆ ಸಮಾಧಾನ ಆಗಿದ್ದಾರೆ ಅಂತ ಮನೆಯವರು ಅಂದ್ಕೊಳ್ತಾರೆ.

ಹಂತ 4: ಬರೀ ಸುಸ್ತಾ, ಬೇರೆ ಕಾಯಿಲೆಯಾ ಅಂತ ಬೇರ್ಪಡಿಸಿ

ಡಿಸೆಂಬರಿಂದ ಫೆಬ್ರವರಿ ತನಕ ರೋಬಸ್ಟಾ ಕೊಯ್ಲು, ಬೆನ್ನಿಗೇ ಮೆಣಸು, ಅದು ಮುಗಿಯೋ ಹೊತ್ತಿಗೆ ಕಾಫಿ ಹೂ ಅರಳಿಸೋ ಹೂಮಳೆ ಬರ್ತದೋ ಇಲ್ಲ ಸ್ಪ್ರಿಂಕ್ಲರ್ ಹಾಕಬೇಕೋ ಅನ್ನೋ ಚಿಂತೆ, ಸಿದ್ದಾಪುರ ಕಡೆ ಆದ್ರೆ ಆನೆ ಬೇರೆ. ಸುಸ್ತಾಗದಿದ್ರೇ ಆಶ್ಚರ್ಯ. ಬೇರ್ಪಡಿಸೋದು ಹೀಗೆ: ಎರಡು ಮೂರು ದಿನ ಸರಿಯಾಗಿ ನಿದ್ದೆ, ಊಟ, ವಿಶ್ರಾಂತಿ ಸಿಕ್ಕಿದ್ರೆ ಸುಸ್ತು ಇಳೀತದೆ, ಇಷ್ಟದ ಕೆಲಸದ ಕಡೆ ಮನಸ್ಸು ತಾನಾಗಿ ಹೋಗ್ತದೆ. ವಿಶ್ರಾಂತಿ ಆದ್ಮೇಲೂ ಹಾಗೇ ಇದ್ರೆ, ಇಲ್ಲ ವಿಶ್ರಾಂತಿಯಲ್ಲಿ ಇನ್ನೂ ಜಾಸ್ತಿ ಆದ್ರೆ, ಅದು ಬರೀ ಸುಸ್ತಲ್ಲ. ಮಳೆಗಾಲದ ಮಂಕೂ ಹೀಗೇ. ಬಿಸಿಲು ಬಿದ್ದ ದಿನ ಹಗುರ ಆದ್ರೆ ಸದ್ಯಕ್ಕೆ ಚಿಂತೆ ಬೇಡ, ಬಿಸಿಲು ಬಂದು ಕಾಡೆಲ್ಲ ಹೊಳೀತಾ ಇದ್ರೂ ಕಿಟಕಿ ತೆಗೆಯೋಕೆ ಮನಸ್ಸಿಲ್ಲದಿದ್ರೆ ಬರೆದಿಡಿ.

ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಏರುಪೇರು, ರಕ್ತಹೀನತೆ, ಬಿ12 ಕೊರತೆ, ಶುಗರ್ ಇವೆಲ್ಲ ಮನಸ್ಸಿನ ಕಾಯಿಲೆ ಹಾಗೇ ಸುಸ್ತು, ಬೇಸರ, ಕಿರಿಕಿರಿ ತರ್ತವೆ. ಮುಟ್ಟು ನಿಲ್ಲೋ ವಯಸ್ಸಿನ ಹೆಂಗಸರು, ಹೆರಿಗೆ ಆಗಿ ಕೆಲವು ತಿಂಗಳಾಗಿರೋರು ಅದನ್ನ ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು.

ಇನ್ನೊಂದು, ತುಂಬಾ ಮುಖ್ಯ: ಎದೆ ಹಿಂಡಿದ ಹಾಗೆ ನೋವು ಬಂದು ತೋಳಿಗೋ ದವಡೆಗೋ ಹರಡಿದ್ರೆ, ಉಸಿರು ಕಟ್ಟಿದ್ರೆ, ಟೆನ್ಷನ್ ಅಂತ ಮನೇಲಿ ಕೂರಬೇಡಿ, ಮೊದಲು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಹೃದಯದ್ದಲ್ಲ ಅಂತ ಡಾಕ್ಟರ್ ಹೇಳಿದ ಮೇಲೆ ಗಾಬರಿಯಿಂದ ಆಗಿದ್ದಾ ಅಂತ ಯೋಚಿಸೋಣ.

ಹಂತ 5: ಆ ಒಬ್ಬ ಮನುಷ್ಯನನ್ನ ಕೇಳಿ

ಪುಸ್ತಕ ತೋರಿಸಬೇಕು ಅಂತಿಲ್ಲ. ಕೇಳೋ ಪ್ರಶ್ನೆ ಮಾತ್ರ ಸರಿ ಇರಬೇಕು. "ನಾನು ಸರಿ ಇದ್ದೀನಲ್ವಾ?" ಅಂತ ಕೇಳಿದ್ರೆ "ಹೂಂ, ಏನಾಗಿದೆ ನಿಮಗೆ" ಅಂತ ಮುಗೀತದೆ. "ಅಕ್ಕ, ಈ ಒಂದು ತಿಂಗಳಲ್ಲಿ ನನ್ನಲ್ಲಿ ಏನು ಬದಲಾದ ಹಾಗೆ ಕಾಣ್ತದೆ, ಬೇಜಾರು ಮಾಡ್ಕೊಳ್ಳಲ್ಲ, ಹೇಳು" ಅಂತ ಕೇಳಿ. ಆಮೇಲೆ ಬಾಯಿ ಮುಚ್ಚಿ ಕೂರಿ. ಅವರು ಹೇಳಿದ್ದಕ್ಕೆಲ್ಲ ಸಮಜಾಯಿಷಿ ಕೊಡೋಕೆ ಹೋದ್ರೆ ಮುಂದಿನ ಸಲ ಅವರು ಹೇಳಲ್ಲ.

ನೀವೇ ಬೇರೆಯವರನ್ನ ಗಮನಿಸ್ತಾ ಇದ್ರೆ, ನಾಲ್ಕು ಜನರ ಎದುರು ಕೇಳಬೇಡಿ. ಜೀಪಲ್ಲಿ ಒಟ್ಟಿಗೆ ಹೋಗುವಾಗ, ಒಲೆ ಹತ್ರ ಕೂತಿರುವಾಗ, ಕೈಗೆ ಒಂದು ಕೆಲಸ ಇದ್ದು ಕಣ್ಣಿಗೆ ಕಣ್ಣು ಕೊಡಬೇಕಾದ ಒತ್ತಾಯ ಇಲ್ಲದಾಗ ಜನ ಜಾಸ್ತಿ ಮಾತಾಡ್ತಾರೆ. "ಧೈರ್ಯ ತಗೋ", "ನಿನಗಿಂತ ಕಷ್ಟದಲ್ಲಿರೋರು ಇಲ್ವಾ", "ದೇವಸ್ಥಾನಕ್ಕೆ ಹೋಗಿ ಬಾ ಎಲ್ಲ ಸರಿಯಾಗ್ತದೆ", ಈ ಮೂರೂ ಮಾತು ಬಿಡಿ. ದೇವಸ್ಥಾನಕ್ಕೆ ಹೋಗೋದು ಬೇಡ ಅಂತಲ್ಲ, ಬೇಕಾದ್ರೆ ಜೊತೆಗೆ ಹೋಗಿ, ಅದನ್ನ ಮಾತು ನಿಲ್ಲಿಸೋಕೆ ಬಳಸಬೇಡಿ.

ಹಂತ 6: ಸೇರಿಸಿ ನೋಡಿ, ಯಾವ ಗುಂಪು ಅಂತ ತೀರ್ಮಾನಿಸಿ

ಒಂದೋ ಎರಡೋ ಬದಲಾವಣೆ, ವಿಶ್ರಾಂತಿಗೆ ಇಳೀತಾ ಇದೆ: ಬರೀತಾ ಇರಿ, ಸಾಕು.

ಮೂರು ನಾಲ್ಕು ಕಡೆ ಬದಲಾವಣೆ, ಎರಡು ವಾರದಿಂದ ನಿಂತಿದೆ, ಮನೆಯವರಿಗೂ ಕಂಡಿದೆ: ಈ ವಾರವೇ ಡಾಕ್ಟರ್. ಅದರ ಜೊತೆಗೆ ಒಂದು ಭಾರ ಇಳಿಸಿ, ಎಲ್ಲವನ್ನೂ ಅಲ್ಲ, ಒಂದನ್ನ. ಸಂಘದ ಕಾರ್ಯದರ್ಶಿ ಕೆಲಸ ಮೂರು ತಿಂಗಳಿಗೆ ಬೇರೆಯವರಿಗೆ ಕೊಡಿ, ಹಾಸಿಗೆ ಹಿಡಿದ ಅತ್ತೆಯನ್ನ ನೋಡ್ಕೊಳ್ಳೋದಕ್ಕೆ ವಾರದಲ್ಲಿ ಎರಡು ದಿನ ನಾದಿನಿಯನ್ನ ಕರೀರಿ. ಕೆಲಸ ಬಿಡೋದು, ತೋಟ ಮಾರೋದು, ಡೈವೋರ್ಸ್ ಇಂಥ ದೊಡ್ಡ ತೀರ್ಮಾನ ಮಾತ್ರ ಈಗ ಬೇಡ. ಆದ್ರೆ ಮನೇಲಿ ಹೊಡೆತ, ಬೆದರಿಕೆ ನಡೀತಾ ಇದ್ರೆ ಈ ಮಾತು ನಿಮಗಲ್ಲ, ಅಲ್ಲಿಂದ ಮೊದಲು ಹೊರಗೆ ಬನ್ನಿ, ಮಹಿಳಾ ಸಹಾಯವಾಣಿ 181.

ಎಣ್ಣೆ ಹಾಕ್ಕೊಂಡು ಮಲಗೋ ಉಪಾಯ ಬಿಡಿ. ಬೇಗ ನಿದ್ದೆ ಬಂದ ಹಾಗೆ ಆಗ್ತದೆ, ನಡುರಾತ್ರಿ ಮೇಲೆ ಅದೇ ನಿದ್ದೆ ಒಡೀತದೆ. ದಿನಾ ಜಾಸ್ತಿ ಕುಡಿಯೋರು ಮಾತ್ರ ನಾಳೆಯಿಂದ ಬಂದ್ ಅಂತ ಒಮ್ಮೆಲೇ ನಿಲ್ಲಿಸಬಾರದು, ಕೈ ನಡುಕ, ಫಿಟ್ಸ್ ತನಕ ಹೋಗಬಹುದು, ಡಾಕ್ಟರ್ ಹತ್ರ ಕೇಳಿ ಬಿಡಬೇಕು.

ಎಲ್ಲಿಗೆ ಹೋಗೋದು? ಮಡಿಕೇರಿಯ ಸರ್ಕಾರಿ ಮೆಡಿಕಲ್ ಕಾಲೇಜಿನ ಬೋಧಕ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಉಂಟು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರೋ ಏರ್ಪಾಡು ಇದೆ, ಯಾವ ಮಂಗಳವಾರ ಅಂತ ಆಸ್ಪತ್ರೆಗೆ ಇಲ್ಲ ಆಶಾ ಕಾರ್ಯಕರ್ತೆಗೆ ಕೇಳಿಕೊಂಡು ಹೊರಡಿ. ಸಣ್ಣ ಜಿಲ್ಲೆ, ಎಲ್ಲರಿಗೂ ಎಲ್ಲರೂ ನೆಂಟರು, ಆಸ್ಪತ್ರೆ ಬಾಗಿಲಲ್ಲಿ ಯಾರೋ ನೋಡಿದ್ರೆ ನಾವು ಮನೆ ಮುಟ್ಟೋ ಮೊದಲೇ ಸುದ್ದಿ ಮುಟ್ಟಿರ್ತದೆ, ಈ ಹೆದರಿಕೆ ಸುಳ್ಳಲ್ಲ. ಅಂಥೋರು ಟೆಲಿ ಮಾನಸ್‌ಗೆ ಫೋನ್ ಮಾಡಿ ಶುರು ಮಾಡಬಹುದು, ದಿನದ 24 ಗಂಟೆಯೂ ಇರ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇಲ್ಲ ಮೈಸೂರಿಗೆ ಹೋಗಿ ಬನ್ನಿ. ಎಲ್ಲಿಗೂ ಹೋಗದೆ ಇರಬೇಡಿ.

ಹಂತ 7: ಇವತ್ತೇ, ಈಗಲೇ ಅನ್ನೋ ಲಕ್ಷಣಗಳು

"ನಾನಿಲ್ಲದಿದ್ರೆ ನಿಮಗೆಲ್ಲ ಹಗುರ" ಅನ್ನೋ ಮಾತು. ಸಾಯೋದರ ಬಗ್ಗೆ ಮಾತಾಡೋದು, ಹುಡುಕೋದು. ಇಷ್ಟದ ವಸ್ತು ಎಲ್ಲರಿಗೂ ಹಂಚೋದು, ಕಾಗದ ಪತ್ರ, ಸಾಲದ ಲೆಕ್ಕ ಇದ್ದಕ್ಕಿದ್ದ ಹಾಗೆ ಚೊಕ್ಕ ಮಾಡೋದು, ಎಲ್ಲರಿಗೂ ಫೋನ್ ಮಾಡಿ ಕ್ಷಮೆ ಕೇಳೋದು. ತಿಂಗಳುಗಟ್ಟಲೆ ಒದ್ದಾಡಿದೋರು ಕಾರಣ ಇಲ್ಲದೆ ಒಮ್ಮೆಲೇ ಶಾಂತ ಆಗೋದು. ಇಲ್ಲದ ಸ್ವರ ಕೇಳೋದು, ಹತ್ತಿರದೋರನ್ನೇ ಗುರುತು ಹಿಡಿಯದಿರೋದು.

ಮಾಡಬೇಕಾದ್ದು ಈ ಕ್ರಮದಲ್ಲಿ. ಮೊದಲು, ಅವರನ್ನ ಒಬ್ಬರನ್ನೇ ಬಿಡಬೇಡಿ. ಎರಡನೇದು, ನೇರವಾಗಿ ಕೇಳಿ: "ಸಾಯಬೇಕು ಅಂತ ಅನಿಸ್ತಾ ಇದೆಯಾ?" ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗ್ತದೆ ಅನ್ನೋದು ತಪ್ಪು ನಂಬಿಕೆ, ಎಷ್ಟೋ ಜನ ಯಾರಾದ್ರೂ ಕೇಳ್ಲಿ ಅಂತಲೇ ಕಾಯ್ತಾ ಇರ್ತಾರೆ. ಮೂರನೇದು, ಕೊಡಗಿನ ಮನೆಗಳಿಗೆ ಇದು ಬಹಳ ಮುಖ್ಯ, ಕೋವಿ. ಲೈಸೆನ್ಸ್ ವಿನಾಯ್ತಿ ಇರೋ ನಾಡು ನಮ್ಮದು, ಪೂಜೆ ಮಾಡಿ ಇಡೋ ವಸ್ತು ಅದು, ಹಾಗಂತ ಅಂಥ ದಿನ ಅದು ಆ ಮನೆಯಲ್ಲಿ ಇರಬಾರದು. ಪೊಲೀಸ್ ಠಾಣೆಯನ್ನ ಕೇಳಿ ಅಲ್ಲಿಗೆ ಒಪ್ಪಿಸಿ, ಇಲ್ಲ ಕಾನೂನು ಪ್ರಕಾರ ಕೋವಿ ಇಟ್ಟುಕೊಳ್ಳಬಹುದಾದ ಒಕ್ಕದ (ಒಂದೇ ಮನೆತನದ) ಬೇರೆ ಮನೆಗೆ ಕೊಟ್ಟುಬಿಡಿ. ಸಾಧ್ಯ ಆಗೋ ತನಕ ಬೀಗ ಹಾಕಿ, ಕೋವಿಯ ಗುಂಡುಗಳನ್ನ ಬೇರೆ ಕಡೆ ಇಟ್ಟು, ಕೀ ಮನೆಯ ಇನ್ನೊಬ್ಬರ ಹತ್ರ ಇರಲಿ. ತೋಟದ ಸ್ಟೋರಿನ ಔಷಧಿಗಳಿಗೂ, ಮನೆಯ ಮಾತ್ರೆಗಳಿಗೂ ಇದೇ ನಿಯಮ. ಸಾಯೋ ತುಡಿತ ಅಲೆ ಹಾಗೆ ಏರಿ ಇಳೀತದೆ, ಏರಿದ ಆ ಸ್ವಲ್ಪ ಹೊತ್ತು ಕೈಗೆ ಏನೂ ಸಿಗದಿದ್ರೆ ಜೀವ ಉಳೀತದೆ. ನಾಲ್ಕನೇದು, 14416 ಇಲ್ಲ 112, ಅಥವಾ ಜೀಪಲ್ಲಿ ಕೂರಿಸಿಕೊಂಡು ನೇರ ಆಸ್ಪತ್ರೆ.

ಪೊಲೀಸ್ ಕೇಸ್ ಆಗ್ತದೆ ಅಂತ ಹೆದರಿ ಆಸ್ಪತ್ರೆಗೆ ತಡ ಮಾಡೋದು ನಿಲ್ಲಿಸಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಆತ್ಮಹತ್ಯೆಗೆ ಪ್ರಯತ್ನ ಪಟ್ಟೋರು ತೀವ್ರ ಒತ್ತಡದಲ್ಲಿದ್ರು ಅಂತಲೇ ಪರಿಗಣಿಸ್ತಾರೆ, ಹಾಗಲ್ಲ ಅಂತ ಸಾಬೀತಾಗದ ಹೊರತು ಅವರನ್ನ ವಿಚಾರಣೆ ಮಾಡಿ ಶಿಕ್ಷೆ ಕೊಡೋ ಹಾಗಿಲ್ಲ.

ಹಂತ 8: ಚಿಕಿತ್ಸೆ ಶುರುವಾದ ಮೇಲೆ

ಪುಸ್ತಕ ನಿಲ್ಲಿಸಬೇಡಿ, ಡಾಕ್ಟರ್ ಹತ್ರ ಹೋಗುವಾಗ ತಗೊಂಡು ಹೋಗಿ, ಹೇಗಿದ್ದೀರಿ ಅಂದಾಗ ಬಾಯಿಗೆ ಬರೋ ಪರವಾಗಿಲ್ಲ ಅನ್ನೋ ಉತ್ತರಕ್ಕಿಂತ ಅದರಲ್ಲಿ ಜಾಸ್ತಿ ಇರ್ತದೆ. ಖಿನ್ನತೆಯ ಮಾತ್ರೆ ತಗೊಂಡ ಮಾರನೇ ದಿನಕ್ಕೆ ಕೆಲಸ ಮಾಡಲ್ಲ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಮೊದಲ ವಾರದಲ್ಲಿ ವಾಕರಿಕೆ, ತಲೆ ತಿರುಗೋದು ಬಂತು ಅಂತ ಎಷ್ಟೋ ಜನ ಅಲ್ಲೇ ಬಿಡ್ತಾರೆ, ಬಿಡೋ ಬದಲು ಫೋನ್ ಮಾಡಿ ಕೇಳಿ. ಚಡಪಡಿಕೆ ಜಾಸ್ತಿ ಆದ್ರೆ, ಸಾಯೋ ಯೋಚನೆ ಹೊಸದಾಗಿ ಬಂದ್ರೆ ಅವತ್ತೇ ತಿಳಿಸಬೇಕು. ಚೆನ್ನಾಗಾಯ್ತು ಅಂತ ತಾನಾಗಿ ನಿಲ್ಲಿಸೋದೂ ಅಷ್ಟೇ ತಪ್ಪು, ಡಾಕ್ಟರ್ ಹೇಳಿದ ಹಾಗೆ ನಿಧಾನ ಕಮ್ಮಿ ಮಾಡಬೇಕು.

ಮಳೆಗಾಲದಲ್ಲಿ ರಸ್ತೆ ಬಂದ್ ಆಗೋ ಊರಿನವರು ಜೂನ್ ಮೊದಲೇ ಡಾಕ್ಟರ್ ಹತ್ರ ಹೇಳಿ ಮುಂದಿನ ಮಾತ್ರೆ ತಂದಿಟ್ಟುಕೊಳ್ಳಿ, ಆದ್ರೆ ಆ ಡಬ್ಬ ಮನೆಯ ಇನ್ನೊಬ್ಬರ ಕೈಯಲ್ಲಿ ಇರಲಿ, ಅವರು ವಾರಕ್ಕೆ ಬೇಕಾದಷ್ಟು ಮಾತ್ರ ತೆಗೆದು ಕೊಡಲಿ.